ಬೆಳಗ್ಗೆ ಬಂದರು, ಮಧ್ಯಾಹ್ನ ಎಕ್ಸೆಲ್: ನನ್ನ ಮೀನುಗಾರಿಕೆ ಇಂಟರ್ನ್‌ಶಿಪ್ ಹೇಗಿತ್ತು

ಎಲ್ಲರೂ ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಸ್ಟೈಪೆಂಡ್ ಇಲ್ಲ. ಕೊಡುವುದು ನಾವೇ. ನಾನು ಕಟ್ಟಿದ್ದು 5,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರೂಮು, ಊಟ, ಓಡಾಟ ಎಲ್ಲ ನಮ್ಮ ಕೈಯಿಂದಲೇ. ಇಷ್ಟಾದರೂ ಹೋಗಬಹುದಾ ಅಂದರೆ ಹೋಗಬಹುದು. ಆದರೆ ಯಾವುದಕ್ಕೆ ಹೋಗುತ್ತಿದ್ದೀರಿ ಅಂತ ತಿಳಿದು ಹೋಗಿ. ಬರೀ ಸರ್ಟಿಫಿಕೇಟಿಗೆ ಅಂತಾದರೆ ಬೇಡ. ಲ್ಯಾಬ್ ಕಲಿಯಲು ಅಂತಾದರೂ ಬೇಡ, ನಿಮ್ಮ ಕಾಲೇಜಿನ ಲ್ಯಾಬೇ ಇದಕ್ಕಿಂತ ಚೆನ್ನಾಗಿರಬಹುದು. ಬೆಳಗಿನ ಜಾವ ಮೀನು ಬಂದರಿನಲ್ಲಿ ನಿಂತು, ಸಮುದ್ರದಿಂದ ನಿಜವಾಗಿ ಏನು ಬರುತ್ತಿದೆ ಅಂತ ನೋಡಬೇಕು, ಅಳೆಯಬೇಕು ಅನ್ನುವವರಿಗೆ ಮಾತ್ರ ಈ ದುಡ್ಡು ದಂಡ ಅಲ್ಲ.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ನನ್ನ ಗೈಡ್ ಇನ್ನೂ ಅಲ್ಲೇ ಇದ್ದಾರೆ, ನನ್ನ ಜೂನಿಯರ್‌ಗಳೂ ಮುಂದೆ ಅಲ್ಲಿಗೆ ಹೋಗಬೇಕು. ಕರಾವಳಿಯ ಒಂದು ಸಂಸ್ಥೆ ಅಂತ ಇಟ್ಟುಕೊಳ್ಳಿ. ನನ್ನ ಫೀಲ್ಡ್ ಕೆಲಸ ಹೆಚ್ಚಾಗಿ ನಡೆದದ್ದು ನಮ್ಮದೇ ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿ. ಚೆರುವತ್ತೂರಿನ ಮಡಕ್ಕರ ಬಂದರು, ಆಮೇಲೆ ಪಡನ್ನದ ಹಿನ್ನೀರು. ಸಮಯ ಏಪ್ರಿಲ್, ಮೇ.

ನಾನು ಪೆರ್ಲದ ಕಡೆಯವಳು. ಮನೆಯಲ್ಲಿ ಅಡಿಕೆ ತೋಟ, ಎರಡು ದನ. ಮೀನು ತಿನ್ನುವ ಮನೆ ಅಲ್ಲ. ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುವಾಗ ಕಡ್ಡಾಯ ಪ್ರಾಜೆಕ್ಟ್ ಬಂತು. ಗೆಳತಿಯರೆಲ್ಲ ಜೀನು, ಕೋಶ ಅಂತ ಹೊರಟರು. ನಾನು ಮೀನು ಆರಿಸಿಕೊಂಡೆ. ಅಜ್ಜಿ ಕೇಳಿದ್ದು ಒಂದೇ ಮಾತು: "ಎಂತ ಕೂಸೇ, ಓದುಲೆ ಬೇರೆ ಎಂತದೂ ಸಿಕ್ಕಿದ್ದಿಲ್ಲೆಯಾ ನಿನಗೆ?" ಅಪ್ಪ ಮಾತ್ರ ಏನೂ ಅನ್ನಲಿಲ್ಲ, ದುಡ್ಡು ಕೊಟ್ಟರು. ನನ್ನ ಹಾಗೆ ಸಸ್ಯಾಹಾರಿ ಮನೆಯಿಂದ ಬಂದವರು ಹೆದರಿ ಹಿಂದೆ ಸರಿಯುವುದು ಬೇಡ ಅಂತಲೇ ಇದನ್ನು ಬರೆದೆ. ಹೊಟ್ಟೆ ತೊಳಸುವುದು ಮೊದಲ ವಾರ. ಆಮೇಲೆ ನಿಮಗೆ ಹಸಿವಾಗುವುದೇ ಬೇರೆ ಸಮಸ್ಯೆ.

ಆ ಸಮಸ್ಯೆ ಏನೆಂದರೆ, ಬಂದರಿನ ಹತ್ತಿರದ ಹೋಟೆಲಿನಲ್ಲಿ ಊಟ ಅಂದರೆ ಅನ್ನದ ಮೇಲೆ ಮೀನ್‌ಚಾರ್ ಬಿದ್ದೇ ಬೀಳುತ್ತದೆ. ಬೇಡ ಅಂದರೆ ಬಡಿಸುವವರು ಪಾಪ ನನ್ನ ಆರೋಗ್ಯದ ಬಗ್ಗೆ ಚಿಂತೆ ಮಾಡುತ್ತಾರೆ. ಬೆಳಗ್ಗೆ ಪುಟ್ಟು, ಕಡಲೆ ಸಿಗುತ್ತದೆ, ಅದು ಗಟ್ಟಿ. ಮಧ್ಯಾಹ್ನಕ್ಕೆ ಪಿಜಿಯಿಂದ ಡಬ್ಬಿ ಒಯ್ಯಿರಿ. ಪಿಜಿ ಬಗ್ಗೆ ಹೇಳಲು ಏನೂ ಇಲ್ಲ, ಫ್ಯಾನು ತಿರುಗುತ್ತಿತ್ತು, ನೀರು ಬರುತ್ತಿತ್ತು. ವಾರದ ಕೊನೆಗೆ ಚೆರುವತ್ತೂರಿನಿಂದ ಪ್ಯಾಸೆಂಜರ್ ಹತ್ತಿ ಕಾಸರಗೋಡು, ಅಲ್ಲಿಂದ ಬಸ್ಸು. ರೈಲಿನಲ್ಲಿ ನನ್ನ ಬ್ಯಾಗಿನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಸೀಟು ಬೇಕಾದವರಿಗೆ ಇದೊಂದು ಲಾಭ.

ಈಗ ಬೆಳಗಿನ ಕೆಲಸಕ್ಕೆ ಬರುತ್ತೇನೆ. ಇಡೀ ಇಂಟರ್ನ್‌ಶಿಪ್ಪಿನ ಜೀವ ಇರುವುದು ಇಲ್ಲಿ.

ದೇಶದ ಕರಾವಳಿಯಲ್ಲಿ ಮೀನು ಇಳಿಸುವ ಜಾಗಗಳು ಸಾವಿರಕ್ಕೂ ಜಾಸ್ತಿ. ಎಲ್ಲ ಕಡೆ ದಿನಾ ಹೋಗಿ ತೂಗಲು ಯಾರಿಂದಲೂ ಆಗುವುದಿಲ್ಲ. ಹಾಗಾದರೆ ಈ ವರ್ಷ ಇಷ್ಟು ಟನ್ ಬಂಗುಡೆ ಸಿಕ್ಕಿತು ಅಂತ ಪೇಪರಿನಲ್ಲಿ ಬರುವ ಲೆಕ್ಕ ಎಲ್ಲಿಂದ ಬರುತ್ತದೆ? ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರೂ ಸಿಎಂಎಫ್‌ಆರ್‌ಐ ಅನ್ನುವ ಸಂಸ್ಥೆ, ಇದಕ್ಕೆ ಒಂದು ಕ್ರಮ ಮಾಡಿಟ್ಟಿದೆ. 1947ರಲ್ಲಿ ಶುರುವಾಗಿ, ಹಿಂದೆ ಮಂಡಪಂನಲ್ಲಿದ್ದು, ಈಗ ಕೊಚ್ಚಿಯಲ್ಲಿರುವ ಸಂಸ್ಥೆ ಅದು. ಕರಾವಳಿಯನ್ನು ವಲಯಗಳಾಗಿ, ತಿಂಗಳನ್ನು ಹತ್ತು ಹತ್ತು ದಿನಗಳಾಗಿ ಭಾಗ ಮಾಡುತ್ತಾರೆ. ಯಾವ ಜಾಗ, ಯಾವ ದಿನ ಅನ್ನುವುದನ್ನು ಲಾಟರಿ ಹಾಗೆ ಎತ್ತುತ್ತಾರೆ. ಆ ಜಾಗಕ್ಕೆ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಗ್ಗೆ 6ರಿಂದ 12ರವರೆಗೆ ಕೂತು ನೋಡುವುದು. ನಡುವಿನ ರಾತ್ರಿ ಇಳಿದದ್ದನ್ನು ಕೇಳಿ ತಿಳಿದುಕೊಳ್ಳುವುದು. ಕೆಲವು ಬೋಟು ನೋಡಿ, ಅದರಿಂದ ಒಟ್ಟು ಲೆಕ್ಕ ಹಾಕುವುದು. ಪುಸ್ತಕದಲ್ಲಿ ಇದು ಅರ್ಧ ಪುಟ. ಬಂದರಿನಲ್ಲಿ ನಿಂತಾಗಲೇ ಈ ಅರ್ಧ ಪುಟಕ್ಕೆ ಎಷ್ಟು ಬೆವರು ಬೇಕು ಅಂತ ಗೊತ್ತಾಗುವುದು. ನಮ್ಮ ಸಂಸ್ಥೆಯವರೂ ಹೆಚ್ಚು ಕಡಿಮೆ ಇದೇ ಕ್ರಮ ಹಿಡಿದಿದ್ದರು.

ನನಗೆ ಪಾಠ ಮಾಡಿದ್ದು ಗೈಡ್ ಅಲ್ಲ, ಫೀಲ್ಡ್ ಅಸಿಸ್ಟೆಂಟ್. ಪಯ್ಯನ್ನೂರು ಕಡೆಯವರು, ಎಲ್ಲರಿಗೂ ಏಟ್ಟ, ಅಂದರೆ ಅಣ್ಣ, ನನಗೂ ಏಟ್ಟ. ಡಿಗ್ರಿ ಇಲ್ಲ. ಆದರೆ ಬಂದರಿಗೆ ಬರುವ ಮೀನಿನಲ್ಲಿ ಅವರಿಗೆ ಹೆಸರು ಗೊತ್ತಿಲ್ಲದ್ದನ್ನು ನಾನು ನೋಡಲಿಲ್ಲ. ಮಲಯಾಳಂ ಹೆಸರು ಮೊದಲು, ಲ್ಯಾಟಿನ್ ಹೆಸರು ಹಿಂದೆಯೇ. ಅವರು ಹೇಳಿಕೊಟ್ಟ ಮೊದಲ ಪಾಠ: ಬುಟ್ಟಿಯ ಮೇಲಿನಿಂದ ಮೀನು ತೆಗೆಯಬೇಡ. ಏಲಂಗೆ, ಅಂದರೆ ಹರಾಜಿಗೆ, ಇಟ್ಟ ಬುಟ್ಟಿಯಲ್ಲಿ ದೊಡ್ಡ ಮೀನು ಮೇಲೆ ಕಾಣುವಂತೆ ಜೋಡಿಸಿರುತ್ತಾರೆ. ಅಡಿಕೆ ಚೀಲದ ಬಾಯಲ್ಲಿ ಒಳ್ಳೆಯ ಅಡಿಕೆ ಹಾಕುವ ಹಾಗೆಯೇ, ನನಗೆ ಕೂಡಲೇ ಅರ್ಥ ಆಯಿತು. ಮೇಲಿನ ಐವತ್ತು ಬಂಗುಡೆ ಅಳೆದು ಬಂದರೆ ಸಮುದ್ರದಲ್ಲಿ ಎಲ್ಲ ದೊಡ್ಡ ಮೀನೇ ಇದೆ ಅಂತ ರಿಪೋರ್ಟ್ ಬರೆಯಬಹುದು. ವಿಂಗಡಿಸುವ ಮೊದಲೇ, ಬಲೆಯಿಂದ ಬಂದ ಹಾಗೆಯೇ ಇರುವ ರಾಶಿಯಿಂದ ತೆಗೆಯಬೇಕು. ಅದಕ್ಕೆ ಬೋಟು ಕಟ್ಟುವಾಗಲೇ ಅಲ್ಲಿರಬೇಕು. ಅಂದರೆ ಬೆಳಗ್ಗೆ ಐದಕ್ಕೆ ಏಳಬೇಕು. ನಿದ್ದೆ ಬಿಡಲಾಗದವರು ಇಲ್ಲಿಯವರೆಗೆ ಓದಿದ್ದೇ ಸಾಕು, ಬೇರೆ ಪ್ರಾಜೆಕ್ಟ್ ನೋಡಿಕೊಳ್ಳಿ.

ಅಳೆಯುವುದು ಸುಲಭ ಅಂತ ಕಾಣುತ್ತದೆ, ಅಲ್ವಾ? ಬಂಗುಡೆಯನ್ನು ಬೋರ್ಡಿನ ಮೇಲೆ ಇಟ್ಟು ಮೂತಿಯ ತುದಿಯಿಂದ ಬಾಲದ ತುದಿಗೆ. ಸಿಗಡಿಗೆ ಬೆನ್ನ ಚಿಪ್ಪಿನ ಉದ್ದ. ಬೊಂಡಾಸಿಗೆ, ಅಂದರೆ ಸ್ಕ್ವಿಡ್ಡಿಗೆ, ಕೈಗಳನ್ನು ಬಿಟ್ಟು ಬರೀ ಮೈಯ ಉದ್ದ. ಸೂರೆಗೆ, ಅಂದರೆ ಟ್ಯೂನಾಗೆ, ಬಾಲದ ಕವಲಿನವರೆಗೆ. ಹೀಗೆ ಒಂದೊಂದಕ್ಕೆ ಒಂದೊಂದು. ಕೈ ಒದ್ದೆ, ಪೆನ್ಸಿಲ್ ಜಾರುತ್ತದೆ, ಹಿಂದಿನಿಂದ ಐಸ್ ಗಾಡಿಯವರು ಕೂಗುತ್ತಾರೆ. ಪೆನ್ ಒಯ್ಯಬೇಡಿ, ಶಾಯಿ ಹರಡುತ್ತದೆ. ಪೆನ್ಸಿಲ್ ಮತ್ತು ಪ್ಲಾಸ್ಟಿಕ್ ಶೀಟು. ಗಂಬೂಟು ನೀವೇ ಕೊಳ್ಳಿ. ಸಂಸ್ಥೆಯಲ್ಲಿ ಕೊಡುವುದು ಒಂಬತ್ತನೇ ನಂಬರಿನ ಒಂದೇ ಜೊತೆ, ಅದು ಎಲ್ಲ ಇಂಟರ್ನ್‌ಗಳಿಗೂ ಸೇರಿ.

ಯಾವ ಪುಸ್ತಕವೂ ಹೇಳದ ಒಂದು ವಿಷಯ ಇಲ್ಲಿದೆ. ನೀವು ಅಳತೆಯ ಬೋರ್ಡು ತೆಗೆದ ಕೂಡಲೇ ಕೆಲವರು ಬುಟ್ಟಿಯನ್ನು ಆಚೆ ಎಳೆಯುತ್ತಾರೆ. ಕಾರಣ ಇದೆ. ಕೇರಳದಲ್ಲಿ ಮೀನಿಗೆ ಕನಿಷ್ಠ ಅಳತೆಯ ಕಾನೂನು ಇದೆ. ಬೂತಾಯಿ, ಅಂದರೆ ಸಾರ್ಡೀನ್, 10 ಸೆಂ.ಮೀ.ಗಿಂತ, ಬಂಗುಡೆ 14 ಸೆಂ.ಮೀ.ಗಿಂತ ಸಣ್ಣದಿದ್ದರೆ ಹಿಡಿಯುವಂತಿಲ್ಲ. 2015ರಲ್ಲಿ ಹದಿನಾಲ್ಕು ಜಾತಿಗೆ ಇದು ಬಂತು, ಆಮೇಲೆ 58 ಜಾತಿಗೆ ಏರಿತು. ಸಿಕ್ಕಿಬಿದ್ದರೆ ದಂಡ. ಹಾಗಾಗಿ ಸ್ಕೇಲ್ ಹಿಡಿದವರೆಲ್ಲ ಅವರ ಕಣ್ಣಿಗೆ ಫಿಶರೀಸ್ ಇಲಾಖೆಯವರೇ. ನಾನು ಮೊದಲು ಹೇಳಿ ಕಲಿತ ಮಲಯಾಳಂ ವಾಕ್ಯ "ಕೇಸ್ ಮಾಡಲು ಬಂದದ್ದಲ್ಲ ಏಟ್ಟಾ, ಕಾಲೇಜಿನವಳು" ಅನ್ನುವುದು. ನಗುತ್ತಿದ್ದರು. ಆದರೂ ಕೆಲವರು ಕೊನೆಯವರೆಗೂ ನಂಬಲಿಲ್ಲ. ಅವರ ಬುಟ್ಟಿಯ ಅಳತೆ ನನ್ನ ಡೇಟಾದಲ್ಲಿ ಇಲ್ಲ. ಸಣ್ಣ ಮೀನು ಜಾಸ್ತಿ ಇರುವವರೇ ಬುಟ್ಟಿ ಎಳೆಯುವುದು ತಾನೆ? ಅಂದರೆ ನನ್ನ ಸರಾಸರಿ ಉದ್ದ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ಇದನ್ನು ರಿಪೋರ್ಟಿನಲ್ಲಿ ಬರೆದೆ. ಗೈಡ್ ಆ ಪ್ಯಾರಾ ತೆಗೆಯಿರಿ ಅಂದರು. ಮಾತಾಡಿ ಮಾತಾಡಿ ಅದನ್ನು ಒಂದು ವಾಕ್ಯಕ್ಕೆ ಇಳಿಸಿ ಉಳಿಸಿಕೊಂಡೆ.

ಗಡಿಯವರಿಗೆ ಇಲ್ಲಿ ಇನ್ನೊಂದು ತಮಾಷೆ ಸಿಗುತ್ತದೆ. ಕರ್ನಾಟಕದಲ್ಲಿ ಟ್ರಾಲಿಂಗಿಗೆ, ಅಂದರೆ ಬೋಟಿನ ಹಿಂದೆ ಬಲೆ ಎಳೆದು ಮೀನು ಹಿಡಿಯುವುದಕ್ಕೆ, ನಿಷೇಧ ಜೂನ್ 1ಕ್ಕೆ ಶುರು, ಜುಲೈ 31ರವರೆಗೆ, ಒಟ್ಟು 61 ದಿನ. ಕೇರಳದಲ್ಲಿ ಜೂನ್ 9ರ ನಡುರಾತ್ರಿಗೆ ಶುರು, ಮುಗಿಯುವುದು ಅದೇ ಜುಲೈ 31ಕ್ಕೆ, 52 ದಿನ. ತಲಪಾಡಿಯ ಆಚೆ ಬೋಟು ಮೇಲೆ ಎಳೆದಾಗಿರುತ್ತದೆ, ಈಚೆ ಇನ್ನೂ ಡೀಸೆಲ್ ತುಂಬಿಸುತ್ತಿರುತ್ತಾರೆ. ಮೀನಿಗೆ ತಲಪಾಡಿ ಚೆಕ್‌ಪೋಸ್ಟ್ ಗೊತ್ತಾ? ಬಂದರಿನ ಚಾ ಅಂಗಡಿಯಲ್ಲಿ ಈ ವಿಷಯ ಎತ್ತಿದರೆ ಸಾಕು, ಅರ್ಧ ಗಂಟೆ ನೀವು ಬಾಯಿ ತೆರೆಯುವುದೇ ಬೇಡ. ಇಂಟರ್ನ್‌ಶಿಪ್ ಅರ್ಜಿ ಹಾಕುವವರು ಈ ತಾರೀಕುಗಳನ್ನು ಬರೆದಿಟ್ಟುಕೊಳ್ಳಿ. ಜೂನ್, ಜುಲೈಗೆ ಸೇರಿದರೆ ಟ್ರಾಲ್ ಬೋಟು ಒಂದೂ ಕಾಣುವುದಿಲ್ಲ, ಸಾಂಪ್ರದಾಯಿಕ ವಳ್ಳಗಳು, ಅಂದರೆ ದೋಣಿಗಳು, ಮಾತ್ರ. ಕಾಲೇಜುಗಳು ಮಾತ್ರ ಸೆಮಿಸ್ಟರ್ ರಜೆ ನೋಡಿ ಕಳಿಸುತ್ತವೆ, ಸಮುದ್ರದ ರಜೆ ಯಾರೂ ನೋಡುವುದಿಲ್ಲ.

ಅಳೆದ ಮೀನಿನಲ್ಲಿ ಸ್ವಲ್ಪ ದುಡ್ಡು ಕೊಟ್ಟು ತಂದು ಲ್ಯಾಬಿನಲ್ಲಿ ಕತ್ತರಿಸುವುದು. ಹೌದು, ಆ ಮೀನಿನ ದುಡ್ಡೂ ನಾವೇ ಕೊಟ್ಟೆವು. ಬೊಕ್ಕಸಕ್ಕೆ ಬಿಲ್ಲು ಹಾಕಿ ಅಂದರು, ಏಲಂನವರು ಯಾರು ಬಿಲ್ಲು ಕೊಡುತ್ತಾರೆ?

ಕತ್ತರಿಸುವ ಕೆಲಸ ನನಗೆ ಇಷ್ಟ ಆಯಿತು ಅಂದರೆ ಮನೆಯಲ್ಲಿ ಈಗಲೂ ನಂಬುವುದಿಲ್ಲ. ಹೊಟ್ಟೆ ಸೀಳಿ ಮೊಟ್ಟೆಯ ಚೀಲ ನೋಡಬೇಕು. ಎಳೆಯದು, ತುಂಬುತ್ತಿರುವುದು, ಪೂರ್ತಿ ಮಾಗಿದ್ದು, ಮೊಟ್ಟೆ ಇಟ್ಟು ಬರಿದಾದದ್ದು, ಹೀಗೆ ಏಳು ಹಂತ. ಬಣ್ಣ, ಗಾತ್ರ, ಹೊಟ್ಟೆಯಲ್ಲಿ ಎಷ್ಟು ಜಾಗ ಹಿಡಿದಿದೆ ಅಂತ ನೋಡಿ ಹೇಳುವುದು. ಮೊದಮೊದಲು ಎರಡನೆಯದೂ ಮೂರನೆಯದೂ ಒಂದೇ ಥರ ಕಾಣುತ್ತದೆ. ಆಮೇಲೆ ಕಣ್ಣು ಪಳಗುತ್ತದೆ. ಬೂತಾಯಿಯ ಹೊಟ್ಟೆಯೊಳಗಿನದನ್ನು ಒಂದು ಹನಿ ನೀರಿನಲ್ಲಿ ಕದಡಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಗಾಜಿನ ಚೂರಿನಂಥ ಸೂಕ್ಷ್ಮ ಪಾಚಿ, ಅಂದರೆ ಡಯಾಟಮ್‌ಗಳು. ಫ್ರ್ಯಾಜಿಲೇರಿಯಾ ಅಂತ ಒಂದಿದೆ, ರಿಬ್ಬನ್ ಥರ ಸಾಲಾಗಿ ಅಂಟಿಕೊಂಡಿರುತ್ತದೆ. ಅದು ಸಮುದ್ರದಲ್ಲಿ ಹೆಚ್ಚಿದರೆ ಬೂತಾಯಿ ಬರುತ್ತದೆ ಅನ್ನುವುದು 1950ರ ದಶಕದಿಂದಲೇ ನಮ್ಮ ವಿಜ್ಞಾನಿಗಳು ಗಮನಿಸಿದ ವಿಷಯ. ಮಳೆಗಾಲದಲ್ಲಿ ಸಮುದ್ರದ ಅಡಿಯ ತಣ್ಣನೆಯ ನೀರು ಮೇಲೆ ಬರುತ್ತದೆ, ಜೊತೆಗೆ ಪೋಷಕಾಂಶ ಬರುತ್ತದೆ, ಡಯಾಟಮ್ ಬೆಳೆಯುತ್ತದೆ, ಮೀನು ಬರುತ್ತದೆ. ನಮ್ಮ ಊರಿನಲ್ಲಿ ಜೂನ್ ಮಳೆ ಅಂದರೆ ಕೊಳೆರೋಗದ ಚಿಂತೆ, ಬೋರ್ಡೋ ದ್ರಾವಣ. ಅದೇ ಮಳೆಗಾಲ ಮೂವತ್ತು ಕಿಲೋಮೀಟರ್ ಆಚೆ ಮೀನಿಗೆ ಅನ್ನ ಹಾಕುತ್ತಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಓಟೊಲಿತ್ ತೆಗೆಯುವುದನ್ನು ಕೇಳಿ ಕಲಿಯಿರಿ. ಮೀನಿನ ಕಿವಿಯೊಳಗಿನ ಸುಣ್ಣದ ಕಲ್ಲು ಅದು, ಅದರಲ್ಲಿ ಬೆಳವಣಿಗೆಯ ಉಂಗುರಗಳಿರುತ್ತವೆ. ಬೂತಾಯಿಯದ್ದು ಅಕ್ಕಿಯ ನುಚ್ಚಿಗಿಂತ ಸಣ್ಣದು, ಚಿಮುಟದಲ್ಲಿ ಹಿಡಿದರೆ ಹಾರಿಹೋಗುತ್ತದೆ. ಮೊದಲು ಕಲ್ಲೂರು ಮೀನಿನಲ್ಲಿ ಅಭ್ಯಾಸ ಮಾಡಿ. ಅದರ ಕಲ್ಲು ದೊಡ್ಡದು, ಕೈಗೆ ಸಿಗುತ್ತದೆ. ಇದನ್ನು ಹೇಳಿಕೊಟ್ಟದ್ದು ಪಿಎಚ್.ಡಿ. ಮಾಡುತ್ತಿದ್ದ ಒಬ್ಬರು ಅಕ್ಕ, ಅದೂ ಅವರ ಕೆಲಸದ ನಡುವೆ. ಇಂಥ ಅಕ್ಕ ಇಲ್ಲದಿದ್ದರೆ ಈ ಇಂಟರ್ನ್‌ಶಿಪ್ಪಿಗೆ ನಾನು ಇನ್ನೂ ಒಂದು ಅಂಕ ಕಡಿಮೆ ಕೊಡುತ್ತಿದ್ದೆ.

ವಾಸನೆಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಸೋಪಿಗೆ ಹೋಗುವುದಿಲ್ಲ. ಹುಣಸೆಹುಳಿ ಇಲ್ಲವೇ ಲಿಂಬೆಯಲ್ಲಿ ಕೈ ಉಜ್ಜಿ, ಆಮೇಲೆ ಸೋಪು. ಮೀನಿನ ವಾಸನೆ ಬರುವುದು ಟ್ರೈಮಿಥೈಲ್ ಅಮೈನ್ ಅನ್ನುವ ಕ್ಷಾರದಿಂದ. ಹುಳಿ ತಾಗಿದರೆ ಅದು ಉಪ್ಪಾಗಿ ಬಿಡುತ್ತದೆ, ಗಾಳಿಗೆ ಏಳುವುದಿಲ್ಲ. ಅಜ್ಜಿಗೆ ಕೆಮಿಸ್ಟ್ರಿ ಗೊತ್ತಿಲ್ಲ, ಆದರೆ ಮನೆಯ ಹಿಂದಿನ ಬಾಗಿಲಲ್ಲಿ ಹುಣಸೆಹುಳಿಯ ಉಂಡೆ ಇಟ್ಟು "ಕೈ ತೊಳದು ಒಳ ಬಾ" ಅಂದದ್ದು ಅವರೇ.

ಈಗ ದೂರುಗಳು. ಮೊದಲನೆಯದು ಫಾರ್ಮಲಿನ್. ಮಾದರಿ ಮೀನನ್ನು ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಕ್ಯಾನ್ಸರ್ ತರುತ್ತದೆ ಅಂತ ಗೊತ್ತಿರುವ ವಸ್ತು ಅದು. ಲ್ಯಾಬಿನ ಎಗ್ಸಾಸ್ಟ್ ಫ್ಯಾನು ಕೆಟ್ಟಿತ್ತು, ನಾನು ಇರುವಷ್ಟು ದಿನವೂ ಕೆಟ್ಟೇ ಇತ್ತು. ಮಾಸ್ಕು ಕೊಟ್ಟದ್ದು ಬಟ್ಟೆಯದ್ದು, ಅದು ಹೊಗೆಯನ್ನು ತಡೆಯುವುದೇ ಇಲ್ಲ. ಕಣ್ಣು ಉರಿದು ನೀರು ಬರುತ್ತದೆ ಅಂದರೆ "ಅಭ್ಯಾಸ ಆಗುತ್ತದೆ" ಅಂದರು. ಇದು ಅಭ್ಯಾಸ ಆಗಬಾರದ ವಿಷಯ. ಹಳೆಯ ಜಾಡಿ ತೆರೆಯುವ ಕೆಲಸವನ್ನು ವರಾಂಡದಲ್ಲಿ ಮಾಡುತ್ತೇನೆ ಅಂತ ನಾವೇ ಹೇಳಿ ಮಾಡಿದೆವು. ನೀವೂ ಹಾಗೆ ಹೇಳಿ, ಯಾರೂ ಬೇಡ ಅನ್ನುವುದಿಲ್ಲ. ಗ್ಲೌಸ್ ನಿಮ್ಮದೇ ಇರಲಿ.

ಎರಡನೆಯದು ಮಧ್ಯಾಹ್ನಗಳು. ಗೈಡ್ ಮೀಟಿಂಗಿಗೆ ಹೋಗಿರುತ್ತಾರೆ. ಇಂಟರ್ನ್ ಸುಮ್ನೆ ಕೂರಬಾರದಲ್ಲ, ಹಾಗಾಗಿ ಹಳೆಯ ಡೇಟಾ ಶೀಟುಗಳ ಕಟ್ಟು ತಂದು ಎಕ್ಸೆಲ್‌ಗೆ ಹಾಕಿ ಅನ್ನುತ್ತಾರೆ. ನಮ್ಮ ಪ್ರಾಜೆಕ್ಟಿಗೂ ಅದಕ್ಕೂ ಸಂಬಂಧ ಇಲ್ಲ. ದುಡ್ಡು ಕೊಟ್ಟು ಟೈಪಿಸ್ಟ್ ಆದ ಹಾಗೆ. ಅದನ್ನು ಬಳಸಿ ಮುಂದೆ ಯಾರಾದರೂ ಪೇಪರ್ ಬರೆದರೆ ಟೈಪ್ ಮಾಡಿದವರ ಹೆಸರು ಕೊನೆಯ ಕೃತಜ್ಞತೆಯಲ್ಲೂ ಇರುವುದಿಲ್ಲ ಅಂತ ಹಿಂದಿನ ಬ್ಯಾಚಿನವರು ಹೇಳಿದರು. ನನಗಿದು ತಪ್ಪು ಅಂತಲೇ ಅನ್ನಿಸುತ್ತದೆ.

ಆದರೂ ನಿಜ ಹೇಳಬೇಕಲ್ಲ, ಆ ಕಟ್ಟುಗಳಿಂದ ಒಂದು ವಿಷಯ ತಲೆಗೆ ಹತ್ತಿತು. ಹತ್ತು ಹನ್ನೆರಡು ವರ್ಷ ಹಿಂದಿನ ಶೀಟಿನಲ್ಲಿ ಬೂತಾಯಿಯ ಕಾಲಂ ತುಂಬಿ ತುಳುಕುತ್ತದೆ. ಆಮೇಲಿನ ವರ್ಷಗಳಲ್ಲಿ ಅದೇ ಕಾಲಂನಲ್ಲಿ ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ. ಇಡೀ ಕೇರಳದ ಲೆಕ್ಕ ತೆಗೆದು ನೋಡಿದೆ. 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಇಳಿದಿತ್ತು. 2021ರಲ್ಲಿ 3,297 ಟನ್. ಲಕ್ಷ ಅಲ್ಲ, ಬರೀ ಮೂರು ಸಾವಿರದ ಚಿಲ್ಲರೆ. ಆ ವರ್ಷ ಬಡವರ ಮೀನು ಅನ್ನಿಸಿಕೊಂಡದ್ದು ಬಡವರಿಗೆ ಸಿಗಲಿಲ್ಲ ಅಂತ ಏಟ್ಟ ಹೇಳುತ್ತಿದ್ದರು. ಎಲ್ ನಿನೋದಿಂದ ನೀರು ಬಿಸಿಯಾದದ್ದು, ಮರಿಗಳನ್ನೇ ಬಾಚಿದ್ದು, ಎರಡೂ ಕಾರಣ ಹೇಳುತ್ತಾರೆ. ಆಮೇಲೆ ಮೀನು ಮತ್ತೆ ಬಂತು. ಬೆಳಗ್ಗೆ ನಾನು ಅಳೆಯುವ 14 ಸೆಂ.ಮೀ., 15 ಸೆಂ.ಮೀ. ಯಾಕೆ ಬೇಕು ಅಂತ ಗೈಡ್ ಮೊದಲ ದಿನ ಮಾಡಿದ ಪವರ್‌ಪಾಯಿಂಟಿಗಿಂತ ಈ ಧೂಳು ಹಿಡಿದ ಶೀಟುಗಳೇ ಚೆನ್ನಾಗಿ ಹೇಳಿದವು. ಹಾಗಂತ ಎಂಟು ಮಧ್ಯಾಹ್ನಕ್ಕೆ ಮುಗಿಯುವ ಕೆಲಸವನ್ನು ತಿಂಗಳುಗಟ್ಟಲೆ ಎಳೆಯಬೇಕಾಗಿರಲಿಲ್ಲ.

ಮೂರನೆಯದು ರಿಪೋರ್ಟ್. ಉದ್ದ ಮತ್ತು ತೂಕದ ಸಂಬಂಧ ಅನ್ನುವುದು ಇಂಟರ್ನ್‌ಗಳ ಮಾಮೂಲಿ ವಿಷಯ. ಮೀನು ಆಕಾರ ಬದಲಾಗದೆ ಬೆಳೆದರೆ ತೂಕ ಉದ್ದದ ಘನಕ್ಕೆ ಸರಿಯಾಗಿ ಏರಬೇಕು. ಹಾಗಾಗಿ ಲೆಕ್ಕದಲ್ಲಿ ಬಿ ಅನ್ನುವ ಸಂಖ್ಯೆ 3ರ ಹತ್ತಿರ ಬಂದರೆ ಎಲ್ಲರಿಗೂ ಖುಷಿ. ಬಾರದಿದ್ದರೆ ಕೆಲವರು ತಮಗೆ ಬೇಡದ ಮೀನನ್ನು ಲೆಕ್ಕದಿಂದ ತೆಗೆದು 3ರ ಹತ್ತಿರ ತರುತ್ತಾರೆ. ಮೊಟ್ಟೆ ತುಂಬಿದ ಮೀನು ಭಾರ ಇರುವುದು ಸಹಜ, ಅದನ್ನು ತೆಗೆಯುವುದು ಯಾಕೆ? ಇನ್ನು ಎರಡು ತಿಂಗಳ ಅಳತೆಯಿಂದ ಮೀನಿನ ಬೆಳವಣಿಗೆಯ ವೇಗ ಕಂಡುಹಿಡಿದೆ ಅನ್ನುವ ರಿಪೋರ್ಟುಗಳೂ ಕಪಾಟಿನಲ್ಲಿವೆ. ಅದಕ್ಕೆ ವರ್ಷ ಪೂರ್ತಿ ಪ್ರತಿ ತಿಂಗಳ ಅಳತೆ ಬೇಕು. ಸಾಫ್ಟ್‌ವೇರಿಗೆ ಏನು ತುರುಕಿದರೂ ಒಂದು ಗೆರೆ ಎಳೆದು ಕೊಡುತ್ತದೆ, ಅದರ ತಪ್ಪಲ್ಲ. ನೀವು ಹೋಗುವುದಾದರೆ ಆರ್ ಅನ್ನುವ ಸಾಫ್ಟ್‌ವೇರ್ ಸ್ವಲ್ಪವಾದರೂ ಮನೆಯಲ್ಲೇ ಕಲಿತು ಹೋಗಿ. ಅದು ಉಚಿತ, ಅಲ್ಲಿ ಯಾರಿಗೂ ಕೂತು ಹೇಳಿಕೊಡಲು ಪುರುಸೊತ್ತಿಲ್ಲ.

ಹುಡುಗಿಯರಿಗೆ ಒಂದು ಮಾತು. ಮೀನು ಇಳಿಯುವ ಜಾಗಗಳಲ್ಲಿ ನಾನು ಹೋದ ಒಂದು ಕಡೆ ಉಪಯೋಗಿಸುವಂಥ ಟಾಯ್ಲೆಟ್ ಇರಲಿಲ್ಲ. ಮೀನು ಮಾರುವ ಏಚ್ಚಿಯಂದಿರು, ಅಂದರೆ ಅಕ್ಕಂದಿರು, ತಮ್ಮ ಪರಿಚಯದ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಸ್ನೇಹ ಮೊದಲ ದಿನವೇ ಮಾಡಿಕೊಳ್ಳಿ. ಯಾರಾದರೂ ಜಾಸ್ತಿ ಮಾತಾಡಿದರೆ ಅವರು ಬಾಯಿ ಬಿಟ್ಟರೆ ಸಾಕು, ಇಡೀ ಬಂದರು ಸುಮ್ಮನಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಮಲಯಾಳಂ ಓದಲು ಬರುವುದಿಲ್ಲ ಅಂತ ಅಂಜುವುದು ಬೇಡ. ಮಾತಾಡಲು ಬಂದರೆ ಸಾಕು. ನನಗೆ ಅರ್ಜಿ ಫಾರಂ ಓದಲು ಪಕ್ಕದವರು ಬೇಕಾದರು, ಅಷ್ಟೇ. ಮಂಜೇಶ್ವರ, ಕುಂಬಳೆ ಕಡೆಯ ಕೆಲಸಗಾರರು ಬೋಟಿನಲ್ಲಿದ್ದರೆ ತುಳುವಿನಲ್ಲೇ ಮಾತು ಮುಗಿಯುತ್ತಿತ್ತು. ಎರ್ನಾಕುಲಂ ಕಡೆಯಿಂದ ಬಂದ ಇಂಟರ್ನ್ ಹುಡುಗನಿಗೆ ಆ ಕೆಲಸಗಾರರು ಹೇಳುವ ಮೀನಿನ ಹೆಸರು ನಾನೇ ಬರೆದುಕೊಡಬೇಕಾಯಿತು.

ಪಡನ್ನದ ಬಗ್ಗೆ ಹೇಳದೆ ಮುಗಿಸಿದರೆ ಅನ್ಯಾಯ. ಅದು ನನ್ನ ಪ್ರಾಜೆಕ್ಟಿನಲ್ಲಿ ಇರಲಿಲ್ಲ, ಕೇಳಿ ಹೋದದ್ದು. ಅಲ್ಲಿ ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯ ಅನ್ನುವ ಚಿಪ್ಪುಜೀವಿ ಬೆಳೆಸುತ್ತಾರೆ, ನಮ್ಮ ತುಳುವಿನ ಪಚ್ಚಿಲೆ. 1990ರ ದಶಕದಲ್ಲಿ ಸಿಎಂಎಫ್‌ಆರ್‌ಐ ತೋರಿಸಿಕೊಟ್ಟ ಕೆಲಸ ಇದು, ಈಗ ಮನೆಮನೆಯ ಕೃಷಿ, ಹೆಂಗಸರ ಗುಂಪುಗಳೇ ಮುಂದೆ. ಸಮುದ್ರದ ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನಕ್ಕೆ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಗೊಬ್ಬರ ಇಲ್ಲ, ಆಹಾರ ಹಾಕುವುದಿಲ್ಲ. ನೀರನ್ನು ಸೋಸಿ ತಿನ್ನುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ಕಟ್ಟಿದ್ದು ಏಪ್ರಿಲ್, ಮೇಯಲ್ಲಿ ಕೊಯ್ಲು. ಜೂನ್ ಮಳೆ ಬಿದ್ದು ನೀರಿನ ಉಪ್ಪು ಇಳಿದರೆ ಸಾಯುತ್ತವೆ, ಅದಕ್ಕೇ ಮೊದಲೇ ಎತ್ತಬೇಕು. ನಾವು ಹೋದಾಗ ಹಗ್ಗ ಎತ್ತುತ್ತಿದ್ದರು. ಒಂದೊಂದನ್ನು ಇಬ್ಬರು ಹಿಡಿದು ದೋಣಿಗೆ ಎಳೆಯಬೇಕು, ಅಷ್ಟು ಭಾರ. ರಿಫ್ರ್ಯಾಕ್ಟೊಮೀಟರ್ ನನ್ನ ಕೈಗೆ ಕೊಟ್ಟು ಉಪ್ಪು ಎಷ್ಟಿದೆ ಹೇಳು ಮೋಳೆ ಅಂದರು. ನಾನು ಹೇಳುವ ಮೊದಲೇ ಒಬ್ಬರು ಏಚ್ಚಿ ನೀರನ್ನು ನಾಲಗೆಗೆ ಹಚ್ಚಿ, ಇನ್ನೂ ಹತ್ತು ದಿನ ತೊಂದರೆ ಇಲ್ಲ ಅಂತ ಹೇಳಿ ಆಗಿತ್ತು. ಚಿಪ್ಪಿನೊಳಗೆ ಅಕ್ಕಿಹಿಟ್ಟು ತುಂಬಿ ಬೇಯಿಸಿದ ಅರಿಕಡುಕ್ಕ ಕೊಟ್ಟರು. ನಾನು ತಿನ್ನಲಿಲ್ಲ. ಜೊತೆಗಿದ್ದವರು ನನ್ನ ಪಾಲನ್ನೂ ತಿಂದು ತುಂಬ ಚೆನ್ನಾಗಿದೆ ಅಂತ ಹೇಳಿದ್ದನ್ನು ಇಲ್ಲಿ ದಾಖಲಿಸುತ್ತೇನೆ.

ಅರ್ಜಿ ಹಾಕುವವರು ಜನವರಿಯಲ್ಲೇ ಮೇಲ್ ಕಳಿಸಿ. ಕಾಲೇಜಿನ ಪತ್ರ ಬೇಕು. ಸೇರುವ ಮೊದಲು ಗೈಡ್ ಯಾರು, ವಾರಕ್ಕೆ ಎಷ್ಟು ದಿನ ಬಂದರಿಗೆ ಕಳಿಸುತ್ತಾರೆ, ನೀವು ಅಳೆದ ಡೇಟಾ ನಿಮ್ಮ ಹತ್ತಿರ ಉಳಿಯುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ಮೂರಕ್ಕೂ ಹಾರಿಕೆ ಉತ್ತರ ಬಂದರೆ ಬಿಟ್ಟುಬಿಡಿ. ದುಡ್ಡಿನ ಕಷ್ಟ ಇರುವವರು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ಮೊದಲು ಹಾಕಿ ನೋಡಿ, ಅದರಲ್ಲಿ ಸ್ಟೈಪೆಂಡ್ ಇದೆ. ಸ್ಪರ್ಧೆ ಜಾಸ್ತಿ.

ಐದರಲ್ಲಿ ನನ್ನ ಅಂಕ ಮೂರೂವರೆ. ಬೆಳಗಿಗೆ ಐದು, ಮಧ್ಯಾಹ್ನಕ್ಕೆ ಒಂದೂವರೆ, ಉಳಿದದ್ದು ಆ ಅಕ್ಕನ ಕಾರಣಕ್ಕೆ. ಸರ್ಟಿಫಿಕೇಟ್ ಬಂದದ್ದು ಓಣಂ ರಜೆ ಕಳೆದ ಮೇಲೆ. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ, ಊರು ಪೆರ್ಲದ ಬದಲು ಪೆರಿಯ ಅಂತಾಗಿದೆ. ತಿದ್ದಿ ಕೊಡಿ ಅಂತ ಮೇಲ್ ಹಾಕಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.